ಎರಡು ಸಲ ಹೇಳಿದ ಸರಿ

ಸೋಮವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡಿಯ ನಮಸ್ಕಾರ. 'ಉಭಯ ಕುಶಲೋಪರಿ' ಅಂತ ಶುರು ಮಾಡಿದರೆ ಕಾಗದ ಹಾಗೇ ವಾಪಸ್ ಕಳಿಸುತ್ತೇನೆ ಅಂತ ನೀನು ಬಸ್ ಹತ್ತಿಸುವಾಗಲೇ ಹೆದರಿಸಿದ್ದೆಯಲ್ಲ, ಅದಕ್ಕೇ ಅದನ್ನು ಬಿಟ್ಟಿದ್ದೇನೆ. ಫೋನಿನಲ್ಲೇ ಎಲ್ಲ ಹೇಳಿ ಮುಗಿಸಬಹುದಿತ್ತು. ಆದರೆ ಫೋನಿನಲ್ಲಿ ನಾನು ನಗುತ್ತೇನೆ, ನಕ್ಕು ನಿನ್ನ ಬಾಯಿ ಮುಚ್ಚಿಸುತ್ತೇನೆ, ಕಾಗದದಲ್ಲಾದರೆ ನಗು ಕೇಳಿಸುವುದಿಲ್ಲ ಅಂತ ನಿನ್ನ ವಾದ. ಟೀಚರ್ ಕೆಲಸ ಮಾಡಿ ಮಾಡಿ ನಿನಗೆ ಎಲ್ಲರ ಉತ್ತರವೂ ಬರವಣಿಗೆಯಲ್ಲೇ ಬೇಕು. ಆಗಲಿ, ತಗೋ, ಬರೆಯುತ್ತಿದ್ದೇನೆ.

ಇವತ್ತು ಕೆಲಸಕ್ಕೆ ಹೋದೆ. ಹೋಗಿ ಬಂದೆ. ಇಲ್ಲಿ ಎಲ್ಲ ಸರಿ.

ಕಾರ್ಖಾನೆಯ ಗೇಟಿನ ಹತ್ತಿರ ಕಾಲು ಸ್ವಲ್ಪ ಹಿಂದೆ ಮುಂದೆ ನೋಡಿತು, ಅಷ್ಟೇ. ಒಳಗೆ ಹೋದ ಮೇಲೆ ಬಿಸಿ ನೀರು, ಒದ್ದೆ ಬಟ್ಟೆ, ಬಣ್ಣದ ಹಬೆ ಎಲ್ಲ ಸೇರಿದ ಆ ಹಳೇ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ನನ್ನ ಜೊತೆ ಮೆಲ್ಲಗೆ ಮಾತಾಡಿದರು. ಅಷ್ಟು ಮಷಿನುಗಳು ಕಿರುಚುವ ಜಾಗದಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೆ ಏನು ಕೇಳಿಸೀತು ಹೇಳು! ಅವರ ತುಟಿ ಆಡುತ್ತಿತ್ತು, ನಾನು ತಲೆ ಆಡಿಸುತ್ತಿದ್ದೆ. ನನ್ನ ಕುರ್ಚಿಗೆ ಯಾರೋ ಹೊಸ ದಿಂಬು ಹಾಕಿದ್ದರು. ಮನಸ್ಸಿನ ಕಾಯಿಲೆಗೆ ಬೆನ್ನಿಗೆ ದಿಂಬು. ಆದರೂ ಹಾಕಿದವರ ಹೊಟ್ಟೆ ತಣ್ಣಗಿರಲಿ.

ನಿನ್ನ ಮನೆಯಲ್ಲಿ ಅಷ್ಟು ತಿಂಗಳು ಮಲಗಿದ್ದಾಗ ನನ್ನ ಕೆಲಸದ ಬಗ್ಗೆ ನೀನು ಎಷ್ಟು ಸಲ ಕೇಳಿದರೂ ನಾನು ಗೋಡೆ ಕಡೆ ತಿರುಗುತ್ತಿದ್ದೆ. ಈಗ ಹೇಳುತ್ತೇನೆ, ಕೇಳು. ನನ್ನದು ಕಿಟಕಿ ಇಲ್ಲದ ಸಣ್ಣ ಕೋಣೆ. ಮೇಜಿನ ಮೇಲೆ ಒಂದು ದೀಪದ ಪೆಟ್ಟಿಗೆ. ಅದರಲ್ಲಿ ಹಗಲು ಬೆಳಕಿನಂಥ ದೀಪ, ಅಂಗಡಿಯಲ್ಲಿರುವಂಥ ಟ್ಯೂಬು, ಮನೆಯ ಹಳದಿ ಬಲ್ಬು. ಗಿರಾಕಿ ಕೊಟ್ಟ ಬಟ್ಟೆಯ ಚೂರನ್ನೂ ನಮ್ಮ ಬಣ್ಣದ ಬಾನಿಯಲ್ಲಿ ಬೇಯುತ್ತಿರುವ ಬಟ್ಟೆಯಿಂದ ಕತ್ತರಿಸಿ ತಂದ ಚೂರನ್ನೂ ಪಕ್ಕ ಪಕ್ಕ ಇಟ್ಟು ಒಂದೊಂದು ದೀಪದ ಕೆಳಗೂ ನೋಡುತ್ತೇನೆ. ಒಂದು ದೀಪದಲ್ಲಿ ಅವಳಿ ಮಕ್ಕಳಂತೆ ಕಾಣುವುದು ಇನ್ನೊಂದು ದೀಪದಲ್ಲಿ ಬೇರೆಯಾಗಿಬಿಡುತ್ತದೆ. ಎಲ್ಲದರಲ್ಲೂ ಒಂದೇ ಆಗಿ ಕಂಡರೆ ಮಾತ್ರ ನಾನು 'ಸರಿ' ಅನ್ನುತ್ತೇನೆ. ಬಾಗಿಲಲ್ಲಿ ಕಾಯುತ್ತಿರುವ ಗುಡುಗು ಹೋಗಿ ವಾಲ್ವ್ ತಿರುಗಿಸುತ್ತಾನೆ, ಬಾನಿಯ ಬಣ್ಣದ ನೀರೆಲ್ಲ ಮೋರಿಗೆ ಹೋಗುತ್ತದೆ. ಆಮೇಲೆ ಚಿಟಿಕೆ ಬಣ್ಣ ಸೇರಿಸೋಣ ಅಂದರೂ ಸೇರಿಸಲು ನೀರೇ ಇರುವುದಿಲ್ಲ. ಅದಕ್ಕೇ ಆ ಕೋಣೆಯ ಆಸುಪಾಸಿನಲ್ಲಿ ಯಾರೂ ಸುಮ್ಮಸುಮ್ಮನೆ 'ಸರಿ' ಅನ್ನುವಂತಿಲ್ಲ. ಊಟಕ್ಕೆ ಹೋಗೋಣ್ವಾ ಅಂದರೂ 'ಆಯ್ತು' ಅನ್ನಬೇಕು, 'ಹೂಂ' ಅನ್ನಬೇಕು, 'ನಡೀರಿ' ಅನ್ನಬೇಕು. ಆ ಒಂದು ಮಾತು ಮಾತ್ರ ನನ್ನದು.

ಗುಡುಗು ನೆನಪಿದ್ದಾನಲ್ಲ, ಬಾನಿ ನೋಡಿಕೊಳ್ಳುವವನು. ಮಷಿನಿನ ಸದ್ದಿಗೆ ಕಿವಿ ಅರ್ಧ ಹೋಗಿದೆ, ಅದಕ್ಕೆ ಗಂಟಲು ಡಬ್ಬಲ್ ಆಗಿದೆ. ಅವನು ಗುಟ್ಟು ಹೇಳಿದರೂ ಗೇಟಿಗೆ ಕೇಳಿಸುತ್ತದೆ.

ಮ್ಯಾನೇಜರು ಬೆಳಗ್ಗೆಯೇ ಕರೆದು ಮಾತಾಡಿದರು. ತಿಂಗಳ ಕೊನೆಯವರೆಗೆ ನೋಡೋಣ, ನಿಮ್ಮ ಕಣ್ಣು ಮೊದಲಿನ ಹಾಗೇ ಇದ್ದರೆ ಕುರ್ಚಿ ನಿಮ್ಮದೇ, ಇಲ್ಲವಾದರೆ ಬಟ್ಟೆ ಮಡಚುವ ವಿಭಾಗ ಇದ್ದೇ ಇದೆಯಲ್ಲ, ಅಲ್ಲಿ ಟೆನ್ಷನ್ ಇರುವುದಿಲ್ಲ ಅಂದರು. ಒಳ್ಳೆಯ ಮಾತಿನಲ್ಲೇ ಅಂದರು. ಮಡಚುವುದು ಕೀಳು ಕೆಲಸ ಅಂತಲ್ಲ ಅಕ್ಕ. ಆದರೆ ಹಾಸಿಗೆಯಿಂದ ಎದ್ದು ಬಂದಿದ್ದೇ ಆ ಕುರ್ಚಿಗಾಗಿ. ಅದೂ ಹೋದರೆ ಯಾತಕ್ಕೆ ಎದ್ದೆ ಅನ್ನಿಸುತ್ತದೆ.

ಮೊದಲ ದಿನವೇ ಬಂದ ಬಣ್ಣ ಯಾವುದು ಗೊತ್ತಾ? ಬೂದು. ಇಷ್ಟು ತಿಂಗಳು ಅದೊಂದನ್ನೇ ನೋಡಿಕೊಂಡು ಮಲಗಿದ್ದವಳು ನಾನು, ಬೂದಿನಲ್ಲಿ ನನ್ನಷ್ಟು ಅನುಭವ ಇನ್ಯಾರಿಗಿದೆ! ನಗು ಬಂತು.

ಇನ್ನೇನು ವಿಶೇಷ ಇಲ್ಲ. ಗುಡುಗು ಇವತ್ತು ಬೇಗ ಮನೆಗೆ ಹೋದ. ಮಾತ್ರೆಯ ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ, ಕಣ್ಣಿಗೆ ಬೀಳುವ ಹಾಗೇ ಇಟ್ಟಿದ್ದೇನೆ. ಎಲ್ಲ ಸರಿ ಇದೆ, ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನ
ಮೊಂಡಿ

ತಾ.ಕ.: ನಿನ್ನ ಹಾಗೆ ಬೆಳಗ್ಗೆ ಬಂದು ಬೈಯುತ್ತಾ ಪರದೆ ಸರಿಸುವವರು ಇಲ್ಲಿ ಯಾರೂ ಇಲ್ಲ. ನಾನೇ ಸರಿಸಿದೆ.

*

ಗುರುವಾರ

ಮೊಂಡಿ,

ನಿನ್ನ ಕಾಗದವನ್ನು ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ಕೆಂಪು ಗೆರೆ ಎಳೆದಿದ್ದೇನೆ, ನೋಡಿಕೋ. ಮಕ್ಕಳ ಪುಸ್ತಕಕ್ಕೆ ದಿನಾ ಸರಿ ಗುರುತು ಹಾಕಿ ಹಾಕಿ ಕೈ ಸವೆದಿರುವವಳು ನಾನು. ಯಾವ ಹುಡುಗ ಲೆಕ್ಕ ಮಾಡಿ ಉತ್ತರ ಬರೆದಿದ್ದಾನೆ, ಯಾವನು ಪಕ್ಕದವನದ್ದು ನೋಡಿ ಬರೆದಿದ್ದಾನೆ ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ನಿನ್ನದು ನೋಡಿ ಬರೆದ ಉತ್ತರ.

ನಿನ್ನ ಕೋಣೆ, ದೀಪ, ದಿಂಬು ಎಲ್ಲ ಚೆನ್ನಾಗಿ ಬರೆದಿದ್ದೀಯ, ಓದಿ ಖುಷಿಯಾಯಿತು. ಆದರೆ ಬೂದು ಬಣ್ಣ ಬಂತು ಅಂದೆ, ನಗು ಬಂತು ಅಂದೆ. ಆಮೇಲೆ ಆ ಬೂದು ಏನಾಯಿತು? ಅಲ್ಲಿಗೇ ಪೆನ್ನು ಎತ್ತಿಬಿಟ್ಟಿದ್ದೀಯ. ಗುಡುಗು ಯಾಕೆ ಬೇಗ ಮನೆಗೆ ಹೋದ? ಜ್ವರ ಬಂದರೂ ಅವನು ಮಷಿನ್ ಬಿಟ್ಟು ಕದಲುವವನಲ್ಲ ಅಂತ ಹಿಂದೆ ನೀನೇ ಹೇಳಿ ನಗಿಸಿದ್ದೆ. ಇನ್ನು ಮಾತ್ರೆಯ ಡಬ್ಬಿ ಎಲ್ಲಿದೆ ಅಂತ ನಿನ್ನನ್ನು ಕೇಳಿದವರು ಯಾರು? ಡಬ್ಬಿ ಕಿಟಕಿಯಲ್ಲಿದ್ದರೆ ಮಾತ್ರೆ ಎಲ್ಲಿಗೆ ಹೋಗುತ್ತಿದೆ ಅಂತ ಹೇಳು.

ಬೈಯುತ್ತಿದ್ದಾಳೆ ಅಂತ ಮುಖ ಊದಿಸಿಕೊಳ್ಳಬೇಡ. ನೀನು ಈ ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ದಿನಗಳಲ್ಲಿ ನನಗೆ ಭಯವಾಗುತ್ತಿದ್ದದ್ದು ನೀನು ಅತ್ತಾಗ ಅಲ್ಲ. 'ನಂಗೇನೂ ಇಲ್ಲ ಅಕ್ಕಾ, ನೀನು ಶಾಲೆಗೆ ಹೋಗು' ಅಂತ ನೀನು ನಯವಾಗಿ ಹೇಳುತ್ತಿದ್ದೆಯಲ್ಲ, ಆವಾಗ. ಶಾಲೆಗೆ ಹೋದರೂ ಜೀವವೆಲ್ಲ ಇಲ್ಲೇ ಇರುತ್ತಿತ್ತು. ಆ ನಯವಾದ ದನಿ ಈ ಕಾಗದದಲ್ಲೂ ಇದೆ. ಅದಕ್ಕೇ ಕೆಂಪು ಪೆನ್ನು ತೆಗೆದೆ.

ನನ್ನ ಬಗ್ಗೆ ಕೇಳಬೇಡ. ಇಲ್ಲಿ ಎಲ್ಲ ಸರಿ. ಈ ವಾರ ಶಾಲೆಗೆ ಹೋಗಿಲ್ಲ, ಮೈ ಸ್ವಲ್ಪ ಭಾರ ಅಷ್ಟೇ, ಹವಾ ಬದಲಾಗಿದ್ದಕ್ಕೆ ಇರಬೇಕು. ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಅಂತ ಪರದೆ ಹಾಗೇ ಬಿಟ್ಟಿದ್ದೇನೆ. ನೀನು ಹೋದ ಮೇಲೆ ಬೆಳಗ್ಗೆ ಎದ್ದು ಬೈಯಲು ಯಾರೂ ಇಲ್ಲ ನೋಡು, ಬಾಯಿಗೂ ರಜೆ. ಎಲ್ಲ ಸರಿ ಇದೆ, ನಿನ್ನದು ನೋಡಿಕೋ.

ಈ ಸಲ ಪೂರ್ತಿ ಬರಿ.

ನಿನ್ನ
ಅಕ್ಕ

*

ಬುಧವಾರ, ಸಂಜೆ

ಅಕ್ಕಾ,

ನಿನ್ನ ಕೆಂಪು ಗೆರೆಗಳನ್ನು ನೋಡಿ ಮೊದಲು ಮೈಯೆಲ್ಲ ಉರಿಯಿತು. ಕಾಗದವನ್ನು ಮೇಜಿನ ಮೇಲೆ ಎಸೆದು ಬಟ್ಟೆ ಒಗೆಯಲು ಹೋದೆ. ಒಗೆದದ್ದನ್ನೇ ಇನ್ನೊಂದು ಸಲ ಒಗೆದೆ. ಆಮೇಲೆ ಬಂದು ಮತ್ತೆ ಓದಿ, ಅಲ್ಲೇ ಕೂತು ಅತ್ತೆ. ಅದು ಶನಿವಾರ. ಈಗ ಬುಧವಾರ. ನಡುವೆ ಆದದ್ದೆಲ್ಲ ಆದ ಮೇಲೆ ಬರೆಯುತ್ತಿದ್ದೇನೆ, ಪೂರ್ತಿ ಓದುವವರೆಗೆ ಕೆಂಪು ಪೆನ್ನು ಮುಟ್ಟಬೇಡ.

ಆ ಸೋಮವಾರ ಒಂದು ಬಾನಿ ಬಣ್ಣ ನನ್ನಿಂದ ಮೋರಿ ಪಾಲಾಯಿತು. ತಪ್ಪು ಗುಡುಗಿನ ತಲೆಗೆ ಬಂತು. ನಾನು ಬಾಯಿ ಬಿಡಲಿಲ್ಲ.

ಆದದ್ದು ಹೀಗೆ. ಬೂದು ಬಟ್ಟೆಯ ಚೂರನ್ನು ಗುಡುಗು ತಂದುಕೊಟ್ಟು ಬಾಗಿಲಲ್ಲಿ ನಿಂತ. ನಾನು ದೀಪದ ಕೆಳಗಿಟ್ಟೆ. ಹಗಲು ದೀಪದಲ್ಲಿ ಗಿರಾಕಿಯ ಚೂರಿಗೂ ನಮ್ಮದಕ್ಕೂ ಏನೂ ವ್ಯತ್ಯಾಸವಿಲ್ಲ. ಟ್ಯೂಬಿನಲ್ಲೂ ಇಲ್ಲ. ಹಳದಿ ಬಲ್ಬು ಹಾಕಿದೆ. ನಮ್ಮದು ಒಂಚೂರು ಹಸಿರಿಗೆ ವಾಲಿದ ಹಾಗಿತ್ತು. ನಿಜವಾಗಿ ವಾಲಿದೆಯಾ, ನನ್ನ ಕಣ್ಣೇ ವಾಲುತ್ತಿದೆಯಾ? ಮತ್ತೆ ಹಗಲು ದೀಪ, ಮತ್ತೆ ಹಳದಿ ಬಲ್ಬು. ನೋಡಿದಷ್ಟೂ ಕಣ್ಣು ದಣಿಯುತ್ತದೆ, ದಣಿದ ಕಣ್ಣಿಗೆ ಎಲ್ಲವೂ ಒಂದೇ. ಮೊದಲಾದರೆ ಒಂದು ನೋಟ ಸಾಕಿತ್ತು. ಅಂಗೈ ಬೆವರಿ ಚೂರು ಒದ್ದೆಯಾಯಿತು. ಕೆಂಪು ಕಡಿಮೆಯಾಗಿದೆ ಅಂತ ನಾಲಿಗೆಯ ತುದಿಗೆ ಬಂದಿತ್ತು, ಆದರೆ ತಪ್ಪಾದರೆ? ಮೊದಲ ದಿನವೇ ತಪ್ಪಾದರೆ ಕುರ್ಚಿಯ ಮೇಲಿನ ದಿಂಬೂ ನನ್ನ ಜೊತೆಗೇ ಮಡಚುವ ವಿಭಾಗಕ್ಕೆ ಬರುತ್ತದೆ.

ಅಷ್ಟರಲ್ಲಿ ಮ್ಯಾನೇಜರು ಫೋನ್ ಕಿವಿಗಿಟ್ಟುಕೊಂಡೇ ಆ ಕಡೆಯಿಂದ ಬಂದರು. ಗುಡುಗಿನ ಭುಜದ ಮೇಲಿಂದ ಒಳಗೆ ಇಣುಕಿ, "ಏನಮ್ಮಾ, ಈಗೆಲ್ಲಾ ಸರಿ ತಾನೆ?" ಅಂದರು. ನಾನು ಚೂರನ್ನು ಕೈಯಲ್ಲಿ ಹಿಡಿದೇ ತಲೆ ಎತ್ತಿ, ಹಲ್ಲು ಬಿಟ್ಟು, "ಸರಿ ಸಾರ್, ಎಲ್ಲಾ ಸರಿ" ಅಂದೆ.

ಅವರು ಹೋದರು. ನಾನು ಮತ್ತೆ ದೀಪದ ಕಡೆ ತಿರುಗಿದೆ. ಬಾಗಿಲಲ್ಲಿ ಗುಡುಗು ಇರಲಿಲ್ಲ.

ಅವನಿಗೆ ಕಿವಿ ಅಷ್ಟಕ್ಕಷ್ಟೇ ಅಂತ ಹೇಳಿದ್ದೆನಲ್ಲ. ಅವನು ತುಟಿ ನೋಡಿ ಮಾತು ತಿಳಿಯುವವನು. ಹಿಂದೆ ನಿಂತಿದ್ದ ಮ್ಯಾನೇಜರು ಏನು ಕೇಳಿದರು ಅಂತ ಅವನು ನೋಡಿರಲಿಲ್ಲ, ನನ್ನ ತುಟಿಯನ್ನು ಮಾತ್ರ ನೋಡಿದ್ದ. ಮೋರಿಯಲ್ಲಿ ನೀರು ಧುಮುಕುವ ಸದ್ದು ಕೇಳಿ ಎದ್ದು ಓಡಿದೆ. ನಾನು ಹೋಗುವಷ್ಟರಲ್ಲಿ ಬೂದು ನೀರು ಅರ್ಧಕ್ಕಿಂತ ಹೆಚ್ಚು ಹೋಗಿಯಾಗಿತ್ತು. ಬಟ್ಟೆ ಹೊರಗೆ ಬಂದಾಗ ನೋಡಿದರೆ, ಹೌದು, ಹಸಿರಿಗೆ ವಾಲಿತ್ತು.

ಮ್ಯಾನೇಜರು ಎಲ್ಲರ ಎದುರಿಗೆ ಗುಡುಗಿನ ಮೇಲೆ ಹರಿಹಾಯ್ದರು. ನೀರು ಬಿಡು ಅಂತ ನಿನಗೆ ಯಾರು ಹೇಳಿದರು ಅಂತ ಕೇಳಿದರು. "ಮೇಡಂ ಸರಿ ಅಂದ್ರು ಸಾರ್" ಅಂದ ಗುಡುಗು. ನನ್ನ ಕಡೆ ತಿರುಗಿ, "ಬಟ್ಟೆ ಸರಿ ಇದೆ ಅಂತ ಹೇಳಿದ್ರಾ?" ಅಂದರು. ನಾನು "ಇಲ್ಲ" ಅಂದೆ. ಸುಳ್ಳಲ್ಲ ಅಕ್ಕ. ಬಟ್ಟೆ ಸರಿ ಇದೆ ಅಂತ ನಾನು ಹೇಳಿರಲಿಲ್ಲ. ಮತ್ತೇನು ಹೇಳಿದ್ದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟಕ್ಕೇ ಗುಡುಗನ್ನು ಮನೆಗೆ ಕಳಿಸಿದರು. ಕಿವಿ ಪರೀಕ್ಷೆ ಮಾಡಿಸಿಕೊಂಡು ಬಾ, ಅಲ್ಲಿಯವರೆಗೆ ಬಾನಿಯ ಹತ್ತಿರ ಬರಬೇಡ ಅಂದರು. ಗುಡುಗು ಸದ್ದಿಲ್ಲದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ನನ್ನ ಕೋಣೆಗೆ ಹೋಗಿ ಆ ಹೊಸ ದಿಂಬಿಗೆ ಒರಗಿ ಕೂತೆ. ಸಂಜೆ ಮನೆಗೆ ಬಂದು ನಿನಗೆ 'ಎಲ್ಲ ಸರಿ' ಅಂತ ಬರೆದೆ.

ಇನ್ನು ಮಾತ್ರೆ. ಕೆಲಸಕ್ಕೆ ಹೋಗುವ ಹಿಂದಿನ ದಿನದಿಂದ ಅರ್ಧ ಮುರಿದು ನುಂಗುತ್ತಿದ್ದೆ. ಬಣ್ಣದ ಮೇಲೆ ಮಾತ್ರೆ ತೆಳ್ಳಗಿನ ಪರದೆ ಎಳೆಯುತ್ತಿದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಕುರ್ಚಿ ಬೇಕೋ ಮಾತ್ರೆ ಬೇಕೋ ಅಂತ ಯಾರೂ ಕೇಳದಿದ್ದರೂ ನಾನೇ ತೀರ್ಮಾನ ಮಾಡಿ ಕೂತಿದ್ದೆ. ಆ ವಾರವಿಡೀ ನಿದ್ದೆಯೂ ಅರ್ಧವೇ ಆಯಿತು. ಹಳೇ ಗೋಡೆ ಮತ್ತೆ ಹತ್ತಿರ ಬರುತ್ತಿದೆ ಅಂತ ಗೊತ್ತಾಗುತ್ತಿತ್ತು, ಆದರೂ ಹಟ. ನೀನು ಸುಮ್ಮನೆ ನನಗೆ ಮೊಂಡಿ ಅಂತ ಹೆಸರಿಟ್ಟಿಲ್ಲ.

ಶನಿವಾರ ಅತ್ತಾದ ಮೇಲೆ ಮುಖ ತೊಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಯಾರನ್ನು ಕೇಳಿ ಅರ್ಧ ಮಾಡಿದಿರಿ ಅಂತ ಚೆನ್ನಾಗಿ ಬೈದರು, ಥೇಟ್ ನಿನ್ನ ಹಾಗೆ. ನಿದ್ದೆಗೆಟ್ಟು ಹೆದರಿಕೊಂಡ ಕಣ್ಣಿಗೆ ಯಾವ ಬಣ್ಣ ತಾನೇ ಕಾಣುತ್ತದೆ, ಬದಲಾಯಿಸಬೇಕು ಅನ್ನಿಸಿದರೆ ನನ್ನನ್ನು ಕೇಳಿ ಬದಲಾಯಿಸಿ, ನೀವೇ ಡಾಕ್ಟರಾಗಬೇಡಿ ಅಂದರು. ಅವತ್ತಿನಿಂದ ಇಡೀ ಮಾತ್ರೆ ನುಂಗುತ್ತಿದ್ದೇನೆ. ಈ ಸಲ ಡಬ್ಬಿಯ ಮಾತಲ್ಲ, ಮಾತ್ರೆಯ ಮಾತು.

ಸೋಮವಾರ ಬೆಳಗ್ಗೆ ಮ್ಯಾನೇಜರ ಕೋಣೆಯ ಬಾಗಿಲಲ್ಲಿ ನಿಂತೆ. ಹೇಳಿದರೆ ನನ್ನ ಕುರ್ಚಿ ಹೋಗುತ್ತದೆ, ಹೇಳದಿದ್ದರೆ ಗುಡುಗಿನ ಬಾನಿ ಹೋಗುತ್ತದೆ. ಒಳಗೆ ಹೋದೆ. ಗುಡುಗಿನ ತಪ್ಪಿಲ್ಲ ಸಾರ್ ಅಂತ ಶುರು ಮಾಡಿದೆ. ಅವತ್ತು ನಾನು ಸರಿ ಅಂದಿದ್ದು ನಿಜ, ಆದರೆ ಬಟ್ಟೆಗಲ್ಲ, ನಿಮಗೆ ಅಂದೆ. ಹೇಗಿದ್ದೀರಿ ಅಂತ ನೀವು ಕೇಳಿದಿರಿ, ನಾನು ಎಲ್ಲ ಸರಿ ಅಂದೆ, ಅವನು ಅದನ್ನು ಬಟ್ಟೆಗೆ ಅಂತ ತಿಳಿದುಕೊಂಡ. ಅವತ್ತು ಬಟ್ಟೆಯೂ ಸರಿ ಇರಲಿಲ್ಲ, ನಾನೂ ಸರಿ ಇರಲಿಲ್ಲ.

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಕೊನೆಗೆ, "ನಾನು ಸುಮ್ನೆ ಕೇಳಿದ್ದಮ್ಮಾ" ಅಂದರು.

"ನಾನೂ ಸುಮ್ನೆ ಹೇಳಿದ್ದು ಸಾರ್" ಅಂದೆ.

ಎಲ್ಲಿಂದ ಬಂತೋ ಆ ಮಾತು. ಅವರು ಕೇಳಿದ್ದೂ ಸುಮ್ಮನೆ, ನಾನು ಹೇಳಿದ್ದೂ ಸುಮ್ಮನೆ, ನಡುವೆ ಒಂದು ಬಾನಿ ಬಣ್ಣ ಮೋರಿಗೆ ಹೋಯಿತು. ಅವರ ಮುಖ ಕೆಂಪಾಯಿತು. ಸಿಟ್ಟು ಅಂದುಕೊಂಡೆ, ಆದರೆ ಸಿಟ್ಟಲ್ಲ. ಕಪಾಟಿನಿಂದ ಆ ಹಾಳಾದ ಬಟ್ಟೆಯ ತುಂಡು ತೆಗೆದು ನನ್ನ ಮುಂದಿಟ್ಟು, ಹಾಗಾದರೆ ಇದಕ್ಕೆ ಏನು ಬೇಕು ಹೇಳಿ ಅಂದರು. ಪರೀಕ್ಷೆಯೇ ಅದು, ನನಗೆ ಗೊತ್ತಿತ್ತು.

ದೀಪದ ಪೆಟ್ಟಿಗೆಯ ಹತ್ತಿರ ಹೋದೆವು. ಅವರು ಹಿಂದೆ ನಿಂತರು. ಹಳದಿ ಬಲ್ಬಿನ ಕೆಳಗೆ ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡೆ. ಎರಡನೇ ಸಲ ನೋಡಲಿಲ್ಲ. ಕೆಂಪು ಒಂದು ಚಿಟಿಕೆ ಕಡಿಮೆ, ಅಷ್ಟೇ, ಬೇರೇನೂ ಮುಟ್ಟಬೇಡಿ ಅಂದೆ. ಮಂಗಳವಾರ ಅದೇ ಬಟ್ಟೆಯನ್ನು ಹೊಸ ನೀರಿಗೆ ಹಾಕಿ ನಾನು ಹೇಳಿದಷ್ಟೇ ಕೆಂಪು ಸೇರಿಸಿದರು. ಬಾನಿ ಕುದಿಯುವಷ್ಟು ಹೊತ್ತೂ ನಾನು ಕುದಿದೆ. ಬಾನಿಯ ಹತ್ತಿರ ನಿಂತಿದ್ದವನು ಗುಡುಗು. ಬೆಳಗ್ಗೆಯೇ ಅವನನ್ನು ವಾಪಸ್ ಕರೆಸಿದ್ದರು.

ಚೂರು ತಂದುಕೊಟ್ಟ. ಮೂರು ದೀಪಗಳಲ್ಲೂ ನೋಡಿದೆ. ಅಕ್ಕಾ, ಒಂದೇ ಬಟ್ಟೆಯಿಂದ ಕತ್ತರಿಸಿದ ಹಾಗೆ ಕೂತಿತ್ತು. "ಸರಿ" ಅಂದೆ. ಆದರೂ ಗುಡುಗು ಕದಲಲಿಲ್ಲ. ನನ್ನ ತುಟಿಯನ್ನೇ ನೋಡುತ್ತಾ, "ಬಟ್ಟೇನಾ ಮೇಡಂ, ನೀವಾ?" ಅಂತ ಕಾರ್ಖಾನೆಗೆಲ್ಲ ಕೇಳುವ ಹಾಗೆ ಕೇಳಿದ. "ಬಟ್ಟೆ ಕಣಯ್ಯಾ" ಅಂದೆ. ಹೋಗಿ ವಾಲ್ವ್ ತಿರುಗಿಸಿದ.

ಆಮೇಲೆ ಅವನ ಹತ್ತಿರ ಹೋಗಿ, ಅವತ್ತು ನಾನು ಬಾಯಿ ಬಿಡದೆ ನಿಂತದ್ದಕ್ಕೆ ಕ್ಷಮಿಸು ಅಂದೆ. ಅವನಿಗೆ ಸಿಟ್ಟು ಇತ್ತು, ಇಲ್ಲ ಅಂತ ಹೇಳಲಿಲ್ಲ. ಒಂದು ವಾರ ಮನೆಯಲ್ಲಿ ಕೂತು ತಲೆ ಕೆಟ್ಟುಹೋಯಿತು, ನಮ್ಮನೆಯವಳಂತೂ ನಿಮ್ಮ ಬಾಯಿಗೆ ಬೀಗ ಹಾಕಿ ಅಂತ ಬೈದಳು ಅಂದ. ಆಮೇಲೆ, "ನೀವು ಯಾವತ್ತೂ ಒಂದೇ ಸಲ ಸರಿ ಅನ್ನೋರು. ಅವತ್ತು ಎರಡು ಸಲ ಅಂದ್ರಿ. ನಾನು ಏನೋ ಅರ್ಜೆಂಟ್ ಇರಬೇಕು ಅಂತ ಓಡಿದೆ" ಅಂದ. ನಾನು ನಕ್ಕುಬಿಟ್ಟೆ, ಅವನೂ ನಕ್ಕ. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಿಜವಾಗಿ ಸರಿ ಇದ್ದಾಗ ಒಂದು ಸಲ ಹೇಳಿದರೆ ನನಗೆ ಸಾಕಾಗುತ್ತದೆ.

ಕುರ್ಚಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ತಿಂಗಳ ಕೊನೆ ತಿಂಗಳ ಕೊನೆಯೇ ಅಂದಿದ್ದಾರೆ. ಆದರೆ ಇವತ್ತು ಬೆಳಗ್ಗೆ ಮ್ಯಾನೇಜರು ನನ್ನ ಕೋಣೆಗೆ ಬಂದರು, ಫೋನನ್ನು ಜೇಬಿಗೆ ಹಾಕಿದರು, ಸ್ಟೂಲ್ ಎಳೆದುಕೊಂಡು ಕೂತರು. ಇವತ್ತು ಹೇಗಿದ್ದೀರಿ ಅಂತ ಕೇಳಿ ಉತ್ತರಕ್ಕೆ ಕಾದರು. ಗುಡುಗು ಬಾಗಿಲಲ್ಲೇ ಇದ್ದ. ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ, ಬೆಳಗ್ಗೆ ಎದ್ದಾಗಿನಿಂದ ಎದೆ ಭಾರ. ಹಳೇ ನಗು ತುಟಿಯವರೆಗೂ ಬಂದಿತ್ತು. ಅದನ್ನು ನುಂಗಿ, "ಇವತ್ತು ಅಷ್ಟು ಸರಿ ಇಲ್ಲ ಸಾರ್" ಅಂದೆ.

"ಸರಿ ಇಲ್ವಂತೆ! ಯಾರೂ ವಾಲ್ವ್ ಮುಟ್ಬೇಡ್ರೋ!" ಅಂತ ಗುಡುಗು ಹೊರಗೆ ಕೂಗಿದ.

ಮ್ಯಾನೇಜರು ನಕ್ಕರು, ನನಗೂ ತಡೆಯಲಾಗಲಿಲ್ಲ. ಕಠಿಣ ಬಣ್ಣಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಬೆಳಗ್ಗೆ ಬಿಳಿ ಮತ್ತು ಕಪ್ಪು ನೋಡಿ ಅಂದು ಎದ್ದು ಹೋದರು. ಯೋಚನೆ ಮಾಡು ಅಕ್ಕ. ಇಷ್ಟು ವರ್ಷ ಆ ಕೋಣೆಯಲ್ಲಿ ದಿನಕ್ಕೆ ಎಷ್ಟೋ ಸಲ 'ಸರಿ ಇಲ್ಲ' ಅನ್ನುವವಳು ನಾನು. ಅಂದ ತಕ್ಷಣ ಯಾರೂ ಬಟ್ಟೆಯನ್ನು ಎಸೆಯುವುದಿಲ್ಲ, ಏನು ಕಡಿಮೆ ಅಂತ ಕೇಳುತ್ತಾರೆ, ಅಷ್ಟು ಸೇರಿಸುತ್ತಾರೆ. ಅದನ್ನೇ ನನ್ನ ಬಗ್ಗೆ ಹೇಳಲು ಇಷ್ಟು ಕಾಲ ಬೇಕಾಯಿತು.

ಪೂರ್ತಿ ಬರೆದಿದ್ದೇನೆ. ಈಗ ಬೇಕಾದರೆ ಕೆಂಪು ಪೆನ್ನು ತೆಗೆದುಕೋ.

ಒಂದೇ ಸಲ ಹೇಳುವ
ನಿನ್ನ ಮೊಂಡಿ

ತಾ.ಕ.: ನಿನ್ನ ಕಾಗದ ಚೀಲದಲ್ಲೇ ಇತ್ತು. ಇವತ್ತು ಊಟದ ಹೊತ್ತಿನಲ್ಲಿ ದೀಪದ ಪೆಟ್ಟಿಗೆಯ ಬೆಳಕಿನಲ್ಲಿ ಮತ್ತೆ ಓದಿದೆ. ಹಗಲು ದೀಪದಲ್ಲಿ ಅಕ್ಷರವೆಲ್ಲ ಒಂದೇ ನೀಲಿ. ಹಳದಿ ಬಲ್ಬಿನಲ್ಲಿ ಎರಡು. 'ನನ್ನ ಬಗ್ಗೆ ಕೇಳಬೇಡ' ಅನ್ನುವಲ್ಲಿಂದ ಕೆಳಗೆ ಬೇರೆ ಪೆನ್ನು. ಕೂತ ಪಟ್ಟಿಗೆ ಕಾಗದ ಮುಗಿಸುವವಳು ನೀನು, ಅಲ್ಲಿ ಯಾಕೆ ಎದ್ದು ಹೋದೆ? ಮತ್ತೆ ಯಾವಾಗ ಬಂದು ಕೂತೆ? ಅಲ್ಲಿಂದ ಮುಂದೆ ಶಾಲೆಗೆ ಹೋಗಿಲ್ಲ ಅಂದಿದ್ದೀಯ, ಪರದೆ ಸರಿಸಿಲ್ಲ ಅಂದಿದ್ದೀಯ, 'ಎಲ್ಲ ಸರಿ' ಅಂತ ಎರಡು ಸಲ ಹೇಳಿದ್ದೀಯ. ನಾನು ಶನಿವಾರ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಬರಬೇಡ ಅಂತ ಫೋನ್ ಮಾಡಬೇಡ ಅಕ್ಕ. ಫೋನಿನಲ್ಲಿ ನೀನೂ ನಗುತ್ತೀಯ.